ಕಲ್ಲಿನ ಬಿಲ್ಲೆಯನ್ನು ಒತ್ತಿ ಎಳೆತ ಅಳೆಯುವುದು ಹೇಗೆ?

ಪ್ರಶ್ನೆ: ನಾನು ಭೂವಿಜ್ಞಾನ ಎಂಎಸ್ಸಿ ವಿದ್ಯಾರ್ಥಿನಿ. ಒಂದೇ ಗ್ರಾನೈಟ್ ಕೋರ್‌ನಿಂದ (ಬಂಡೆ ಕೊರೆದು ತೆಗೆದ ದುಂಡು ಕಂಬಿಯಿಂದ) 54 ಮಿ.ಮೀ. ವ್ಯಾಸ, 27 ಮಿ.ಮೀ. ದಪ್ಪದ ಹತ್ತು ಬಿಲ್ಲೆ ಕತ್ತರಿಸಿ ಬ್ರೆಜಿಲಿಯನ್ ಟೆಸ್ಟ್ (ಬಿಲ್ಲೆಯನ್ನು ಅಂಚಿನ ಮೇಲೆ ನಿಲ್ಲಿಸಿ ಒಡೆಯುವವರೆಗೆ ಒತ್ತುವುದು) ಮಾಡಿದೆ. ಎಂಟನೆಯದು ಮಾತ್ರ ಕತ್ತರಿಸುವಾಗ ತಪ್ಪಿ 36 ಮಿ.ಮೀ. ದಪ್ಪವಾಯಿತು. ಕ್ರಮವಾಗಿ ಬಂದ ಅಂಕಿಗಳು, ಮೆಗಾಪ್ಯಾಸ್ಕಲ್‌ನಲ್ಲಿ: 9.6, 10.1, 8.9, 10.8, 9.2, 6.1, 9.9, 13.4, 10.4, 5.7. ಸರಾಸರಿ 9.4. ಆರನೆಯದು ಅಂಚಿನಲ್ಲಿ ಪುಡಿಯಾಗಿ ಓರೆಯಾಗಿ ಒಡೆಯಿತು. ಹತ್ತನೆಯದು ಅದರಲ್ಲಿದ್ದ ಒಂದು ಬಿಳಿ ಗೆರೆಯ ಉದ್ದಕ್ಕೆ ಸೀಳಿತು. ಈ 9.4 ಅನ್ನು ನಂಬಬಹುದೇ? ಸೀನಿಯರ್ ಒಬ್ಬರು ಇದನ್ನು 0.8ರಿಂದ ಗುಣಿಸಿ ಬರೆಯಬೇಕು ಅನ್ನುತ್ತಾರೆ, ಸರಿಯೇ? ಇನ್ನೊಂದು ಅನುಮಾನ: ಎಳೆತ ಅಳೆಯಬೇಕಾದರೆ ಎಳೆಯಬೇಕು ತಾನೇ? ನಾವು ಒತ್ತುತ್ತಿದ್ದೇವಲ್ಲ!

ಉತ್ತರ: ನಿಮ್ಮ ಕೊನೆಯ ಅನುಮಾನದಿಂದಲೇ ಶುರು ಮಾಡೋಣ. ಅದು ತಿಳಿಯಾದರೆ ಉಳಿದ ಎರಡಕ್ಕೆ ಉತ್ತರ ಅರ್ಧ ಸಿಕ್ಕ ಹಾಗೆ.

ಕಲ್ಲು ಒತ್ತಿದರೆ ಗಟ್ಟಿ, ಎಳೆದರೆ ಸಪ್ಪೆ. ಒಳ್ಳೆಯ ಗ್ರಾನೈಟ್ ಒತ್ತುವಾಗ 100ರಿಂದ 200 ಮೆಗಾಪ್ಯಾಸ್ಕಲ್ ತಾಳುತ್ತದೆ. ಎಳೆದಾಗ ಅದರ ಹತ್ತನೇ ಒಂದು ಭಾಗ ತಾಳಿದರೆ ದೊಡ್ಡದು. ಕಲ್ಲು ಒಡೆಯುವವರಿಗೆ ಇದು ಯಾವ ಟೆಸ್ಟೂ ಇಲ್ಲದೆ ಗೊತ್ತು. ಸಾಲಾಗಿ ತೂತು ಕೊರೆದು, ಬೆಣೆ ಇಟ್ಟು, ಸುತ್ತಿಗೆಯಿಂದ ಒಂದೊಂದಕ್ಕೂ ಸಣ್ಣ ಪೆಟ್ಟು ಕೊಡುತ್ತಾ ಹೋಗುತ್ತಾರೆ. ಬಂಡೆಯನ್ನು ಅವರು ಜಜ್ಜುವುದಿಲ್ಲ, ಒಳಗಿನಿಂದ ಎರಡು ಕಡೆಗೆ ಎಳೆಯುತ್ತಾರೆ. ಸುರಂಗದ ಚಾವಣಿಯಲ್ಲಿ ಚಪ್ಪಡಿ ಬಾಗಿ ಕೆಳಗಿನ ಮೈಯಲ್ಲಿ ಬಿರುಕು ಬಿಡುವುದು, ಸಿಡಿಮದ್ದು ಸಿಡಿದಾಗ ಬಂಡೆಯ ಹೊರಮೈ ಚಕ್ಕೆಯಾಗಿ ಹಾರುವುದು, ಕೊಳವೆಬಾವಿಯಲ್ಲಿ ನೀರಿನ ಒತ್ತಡ ಏರಿಸಿ ಬಂಡೆ ಸೀಳುವುದು, ಎಲ್ಲದರ ಹಿಂದೆಯೂ ಇದೇ ಎಳೆತ. ಅದಕ್ಕೇ ಈ ಅಂಕಿ ಬೇಕು.

ಹಾಗಾದರೆ ನೇರವಾಗಿ ಎಳೆದೇ ನೋಡಬಹುದಲ್ಲ? ನೋಡಬಹುದು. ಆದರೆ ಕಲ್ಲಿನ ಕಂಬಿಯನ್ನು ಹಿಡಿಯುವುದು ಎಲ್ಲಿ? ಉಕ್ಕಿನ ಕಂಬಿಯ ಹಾಗೆ ಹಲ್ಲಿನ ಹಿಡಿತದಲ್ಲಿ ಕಚ್ಚಿಸಿದರೆ ಕಲ್ಲು ಅಲ್ಲೇ ಪುಡಿಯಾಗುತ್ತದೆ. ಎರಡು ತುದಿಗೂ ಉಕ್ಕಿನ ಟೋಪಿ ಇಟ್ಟು ಎಪಾಕ್ಸಿ ಅಂಟಿನಿಂದ ಅಂಟಿಸಿದರೆ ಕೆಲವೊಮ್ಮೆ ಕಲ್ಲಿಗಿಂತ ಮೊದಲು ಅಂಟು ಬಿಡುತ್ತದೆ. ಅಂಟು ಹಿಡಿದುಕೊಂಡಿತು ಎಂದೇ ಇಟ್ಟುಕೊಳ್ಳಿ. ಆಗ ಇನ್ನೊಂದು ಕಾಟ. ಎಳೆತ ಸರಿಯಾಗಿ ನಡುಮಧ್ಯದಲ್ಲೇ ಹಾಯಬೇಕು. ನಿಮ್ಮ 54 ಮಿ.ಮೀ. ಕೋರ್‌ನಲ್ಲಿ ಎಳೆಯುವ ಸಾಲು ಬರೀ 1 ಮಿ.ಮೀ. ಪಕ್ಕಕ್ಕೆ ಸರಿದರೆ ಕೋರ್ ಸ್ವಲ್ಪ ಬಾಗುತ್ತದೆ. ಆ ಬಾಗುವಿಕೆಯಿಂದ ಒಂದು ಅಂಚಿನಲ್ಲಿ ಎಳೆತ ಸುಮಾರು 15 ಶೇಕಡಾ ಜಾಸ್ತಿಯಾಗುತ್ತದೆ. ದುಂಡು ಕಂಬಿಗೆ ಈ ಹೆಚ್ಚಳ ಎಂದರೆ ಪಕ್ಕಕ್ಕೆ ಸರಿದ ದೂರದ ಎಂಟು ಪಟ್ಟನ್ನು ವ್ಯಾಸದಿಂದ ಭಾಗಿಸಿದಷ್ಟು, ನೀವೇ ಲೆಕ್ಕ ಹಾಕಿ ನೋಡಬಹುದು. ಕಲ್ಲು ಆ ಅಂಚಿನಿಂದಲೇ ಬಿಡುತ್ತದೆ. ನಾವು ಮಾತ್ರ ಇಡೀ ಅಡ್ಡಕೊಯ್ತಕ್ಕೆ ಭಾಗಿಸಿ ಕಡಿಮೆ ಅಂಕಿ ಬರೆದುಕೊಳ್ಳುತ್ತೇವೆ. ಇಷ್ಟೆಲ್ಲ ನಾಜೂಕಾಗಿ ಮಾಡುವ ಲ್ಯಾಬ್‌ಗಳು ಇವೆ. ಆದರೆ ಒಂದು ದಿನದಲ್ಲಿ ಹತ್ತು ಮಾದರಿ ಮುಗಿಸುವ ಕೆಲಸ ಅದಲ್ಲ.

ಈಗ ಬಿಲ್ಲೆಗೆ ಬನ್ನಿ. ಬಿಲ್ಲೆಯನ್ನು ನಾಣ್ಯದ ಹಾಗೆ ಅಂಚಿನ ಮೇಲೆ ನಿಲ್ಲಿಸಿ ಮೇಲಿನಿಂದ ಒತ್ತುತ್ತೇವೆ. ಲೋಡ್ ಒಳಗೆ ನುಗ್ಗುವುದು ಮೇಲಿನ ಸಣ್ಣ ಜಾಗದಲ್ಲಿ, ಹೊರಗೆ ಹೋಗುವುದು ಕೆಳಗಿನ ಸಣ್ಣ ಜಾಗದಲ್ಲಿ. ನಡುವೆ ಬಿಲ್ಲೆ ಅಗಲವಾಗಿದೆ. ಹಾಗಾಗಿ ಲೋಡ್ ನೆಟ್ಟಗೆ ಇಳಿಯುವುದಿಲ್ಲ. ಎರಡೂ ಪಕ್ಕಕ್ಕೆ ಹರಡಿ, ಎದುರುಬದುರಾಗಿ ಇಟ್ಟ ಎರಡು ಬಿಲ್ಲುಗಳ ಹಾಗೆ ಹೊರಕ್ಕೆ ಬಾಗಿ, ಕೆಳಗೆ ಮತ್ತೆ ಸೇರುತ್ತದೆ. ಹೊರಕ್ಕೆ ಬಾಗಿದ ಈ ದಾರಿಗಳು ಇನ್ನೂ ಹೊರಕ್ಕೆ ತಳ್ಳಿಕೊಂಡು ಹೋಗದಂತೆ ಯಾರಾದರೂ ಹಿಡಿದಿಟ್ಟುಕೊಳ್ಳಬೇಕು. ಹಿಡಿಯುವುದು ನಡುವಿನ ಕಲ್ಲು. ಎರಡು ಬಿಲ್ಲುಗಳ ನಡುವೆ ಅಡ್ಡ ಕಟ್ಟಿದ ದಾರದ ಕೆಲಸ ಅದರದ್ದು. ಆ ದಾರದ ಮೇಲಿನ ಎಳೆತವೇ ನಾವು ಹುಡುಕುತ್ತಿರುವುದು. ಅದು ತುಂಡಾದಾಗ ಬಿಲ್ಲೆ ಮೇಲಿನಿಂದ ಕೆಳಗೆ ಎರಡು ಹೋಳಾಗುತ್ತದೆ.

ಆದ್ದರಿಂದ ಒತ್ತುವುದು ನಮ್ಮ ಕೈ, ಎಳೆಯುವುದು ಬಿಲ್ಲೆಯ ಆಕಾರ. ಮೋಸ ಏನೂ ಇಲ್ಲ.

ಇದು ಹೊಳೆದ ಬಗೆಯೂ ಸ್ವಾರಸ್ಯವಾಗಿದೆ. ಎರಡನೇ ಮಹಾಯುದ್ಧದ ಕಾಲ. ರಿಯೋ ಡಿ ಜನೈರೋದಲ್ಲಿ ಹೊಸ ದೊಡ್ಡ ರಸ್ತೆಗೆ ಒಂದು ಹಳೆಯ ಚರ್ಚ್ ಅಡ್ಡ ಬಂತು. ಕೆಡವುವ ಬದಲು ಉರುಳೆಗಳ ಮೇಲೆ ಇಟ್ಟು ಸರಿಸಿದರೆ ಹೇಗೆ ಎಂಬ ಯೋಚನೆ. ಯುದ್ಧದಿಂದಾಗಿ ಉಕ್ಕಿಗೆ ಬರ, ಹಾಗಾಗಿ ಕಾಂಕ್ರೀಟ್ ಉರುಳೆ. ಅವು ಭಾರ ತಾಳುತ್ತವೆಯೇ ಎಂದು ನೋಡುವ ಕೆಲಸ ಫರ್ನಾಂಡೋ ಕಾರ್ನೇರೋ ಎಂಬ ಎಂಜಿನಿಯರ್ ಪಾಲಿಗೆ ಬಂತು. ಉರುಳೆಯನ್ನು ಅಡ್ಡ ಮಲಗಿಸಿ ಒತ್ತಿದರೆ ಅದು ಪುಡಿಯಾಗಲಿಲ್ಲ, ನೆಟ್ಟಗೆ ಎರಡು ಸೀಳಾಯಿತು. ಇದರಿಂದಲೇ ಎಳೆತ ಅಳೆಯಬಹುದಲ್ಲ ಅಂದುಕೊಂಡ ಕಾರ್ನೇರೋ 1943ರಲ್ಲಿ ಅದನ್ನು ಮಂಡಿಸಿದರು. ಅದೇ ವರ್ಷ ಜಪಾನಿನಲ್ಲಿ ಅಕಜಾವಾ ಎಂಬವರು ಇದೇ ವಿಚಾರಕ್ಕೆ ತಾವಾಗಿಯೇ ಬಂದಿದ್ದರು. ಹೆಸರು ಮಾತ್ರ ಬ್ರೆಜಿಲ್‌ಗೆ ಹೋಯಿತು. ಚರ್ಚ್ ಉಳಿಯಲಿಲ್ಲ, ಕೊನೆಗೆ ಕೆಡವಿಯೇಬಿಟ್ಟರು. ಟೆಸ್ಟ್ ಉಳಿಯಿತು. ಕಾಂಕ್ರೀಟಿಗೆಂದು ಹುಟ್ಟಿದ್ದು ಆಮೇಲೆ ಕಲ್ಲಿಗೂ ಬಂತು.

ಲೆಕ್ಕ ನಿಮಗೆ ಗೊತ್ತಿದೆ. ಒಡೆದ ಲೋಡಿನ ಎರಡು ಪಟ್ಟನ್ನು ಪೈ, ವ್ಯಾಸ, ದಪ್ಪ ಈ ಮೂರನ್ನೂ ಗುಣಿಸಿ ಬಂದದ್ದರಿಂದ ಭಾಗಿಸುವುದು. ಸುಲಭವಾಗಿ ಹೇಳಿದರೆ 0.636 × ಲೋಡ್ ÷ (ವ್ಯಾಸ × ದಪ್ಪ). ಲೋಡ್ ನ್ಯೂಟನ್‌ನಲ್ಲಿ, ಅಳತೆ ಮಿ.ಮೀ.ನಲ್ಲಿ ಇದ್ದರೆ ಉತ್ತರ ನೇರವಾಗಿ ಮೆಗಾಪ್ಯಾಸ್ಕಲ್. ನಿಮ್ಮ ಮೊದಲ ಬಿಲ್ಲೆ 22 ಕಿಲೋನ್ಯೂಟನ್‌ಗೆ ಒಡೆದಿರಬೇಕು, 9.6 ಬರುವುದು ಅದಕ್ಕೇ. ಗಮನಿಸಿ, ಕಲ್ಲು ಎಷ್ಟು ಗಡುಸು ಎನ್ನುವ ಅಂಕಿ ಇಲ್ಲಿ ಎಲ್ಲೂ ಇಲ್ಲ. ಈ ಟೆಸ್ಟ್ ಇಷ್ಟು ಜನಪ್ರಿಯ ಆಗಿದ್ದಕ್ಕೆ ಅದೂ ಒಂದು ಕಾರಣ.

ಆದರೆ ಈ ಸೂತ್ರ ಒಂದು ಷರತ್ತಿನ ಮೇಲೆ ನಿಂತಿದೆ. ಬಿರುಕು ಬಿಲ್ಲೆಯ ನಡುವಿನಿಂದ ಹುಟ್ಟಿರಬೇಕು. ನಡುವಿನಲ್ಲಿ ಅಡ್ಡಕ್ಕೆ ಎಳೆತ ಇದ್ದರೆ, ಉದ್ದಕ್ಕೆ ಅದರ ಮೂರು ಪಟ್ಟು ಒತ್ತುವಿಕೆ ಇರುತ್ತದೆ. ಕಲ್ಲಿನ ಒತ್ತು ತಾಳುವ ಶಕ್ತಿ ಎಳೆತದ ಹತ್ತಾರು ಪಟ್ಟು ಇರುವುದರಿಂದ ನಡುವಿನಲ್ಲಿ ಮೊದಲು ಸೋಲುವುದು ಎಳೆತವೇ. ದವಡೆಯ ಹತ್ತಿರ, ಅಂದರೆ ಬಿಲ್ಲೆಯನ್ನು ಮೇಲೆ ಕೆಳಗೆ ಒತ್ತುವ ಮೆಷಿನ್‌ನ ಬಾಗಿದ ಹಿಡಿತಗಳ ಹತ್ತಿರ, ಕಥೆ ಬೇರೆ. ಲೋಡಿನ ಸಾಲಿನ ಮೇಲೆ (ಎರಡು ದವಡೆಗಳನ್ನು ಸೇರಿಸುವ ನೆಟ್ಟ ಗೆರೆಯ ಮೇಲೆ) ಅಡ್ಡ ಎಳೆತ ಹೆಚ್ಚುಕಡಿಮೆ ಒಂದೇ ಸಮ ಇದ್ದರೂ, ಅಂಚಿಗೆ ಹೋದಂತೆ ಒತ್ತುವಿಕೆ ವಿಪರೀತ ಏರುತ್ತದೆ. ಅಲ್ಲಿ ಕಲ್ಲು ಜಜ್ಜಿ ಬಿರುಕು ಬಿಟ್ಟಿತು ಎಂದರೆ ಸೂತ್ರ ಕೊಡುವುದು ಸುಮ್ನೆ ಒಂದು ಅಂಕಿ, ಕಲ್ಲಿನ ಎಳೆತದ ಶಕ್ತಿ ಅಲ್ಲ. ಇದು ಸೂತ್ರಕ್ಕೆ ಗೊತ್ತಾಗುವುದಿಲ್ಲ, ಮೆಷಿನ್‌ಗೂ ಗೊತ್ತಾಗುವುದಿಲ್ಲ. ಒಡೆದ ಹೋಳು ನೋಡಿದವರಿಗೆ ಗೊತ್ತಾಗುತ್ತದೆ.

ನಾನೂ ಇದನ್ನು ಪೆಟ್ಟು ತಿಂದೇ ಕಲಿತದ್ದು. ತುಂಬ ಹಿಂದೆ ಒಂದು ಲ್ಯಾಬ್‌ನಲ್ಲಿ ಅಮೃತಶಿಲೆಯ ಒಂದು ಕಂತು ಬಿಲ್ಲೆಗಳನ್ನು ಒಡೆದೆ. ಮೇಲಿನ ದವಡೆಯ ಗುಂಡು ಕೀಲು ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ. ನಾನು ನೋಡಲಿಲ್ಲ. ಬಿಲ್ಲೆಗಳೆಲ್ಲ ಒಂದೇ ಕಡೆಗೆ ಓರೆಯಾಗಿ ಒಡೆದವು. ಅಂಕಿಗಳು ಒಂದಕ್ಕೊಂದು ತುಂಬ ಹತ್ತಿರ ಬಂದಿದ್ದರಿಂದ ಖುಷಿಯಾಗಿ ಸರಾಸರಿ ತೆಗೆದು ಕಳಿಸಿದೆ. ವರದಿ ಓದಿದ ಹಿರಿಯರು ಕೇಳಿದ್ದು ಒಂದೇ ಮಾತು: ಹೋಳುಗಳು ಎಲ್ಲಿ? ತೋರಿಸಿದೆ. ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಅಂಕಿಗಳು ಒಂದಕ್ಕೊಂದು ಹೊಂದಿದವು ಎಂದ ಮಾತ್ರಕ್ಕೆ ಸರಿ ಅಂತಲ್ಲ, ಒಂದೇ ತಪ್ಪು ಹತ್ತು ಸಲ ಆಗಿರಬಹುದು.

ಈಗ ನಿಮ್ಮ ಹತ್ತು ಅಂಕಿ ಹಿಡಿದುಕೊಂಡು ಕೂರೋಣ.

ಮೊದಲು ಎಂಟನೆಯದು, 13.4. ಇದನ್ನು ನೋಡಿ ಗಟ್ಟಿ ಕಲ್ಲು ಸಿಕ್ಕಿತು ಅಂದುಕೊಂಡಿರಾ? ಪ್ರಶ್ನೆಯಲ್ಲಿ ನೀವೇ ಅದು 36 ಮಿ.ಮೀ. ದಪ್ಪ ಎಂದು ಬರೆದಿದ್ದೀರಿ. 13.4ರಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ದಪ್ಪ 27 ಎಂದು ಹಾಕಿದರೆ ಲೋಡ್ ಸುಮಾರು 30.7 ಕಿಲೋನ್ಯೂಟನ್ ಬರುತ್ತದೆ. ಅದೇ ಲೋಡಿಗೆ ದಪ್ಪ 36 ಹಾಕಿದರೆ 10.0. ಉಳಿದವುಗಳ ಪಕ್ಕದಲ್ಲಿ ಸದ್ದಿಲ್ಲದೆ ಕೂರುತ್ತದೆ, ಅಲ್ವಾ? ಸ್ಪ್ರೆಡ್‌ಶೀಟ್‌ನಲ್ಲಿ ಮೊದಲ ಸಾಲಿನ ದಪ್ಪವನ್ನೇ ಕೆಳಗಿನವರೆಗೂ ಎಳೆದುಬಿಟ್ಟಿದ್ದೀರಿ ಅಂತ ನನ್ನ ಊಹೆ. ಲೋಡಿನ ಮೂಲ ದಾಖಲೆ ನೋಡಿ ಖಚಿತ ಮಾಡಿಕೊಳ್ಳಿ. ಬಿಲ್ಲೆ ದಪ್ಪವಾಯಿತು ಎಂದು ಬಿಸಾಡಬೇಕಾಗಿಲ್ಲ. ಅಮೆರಿಕದ ಎಎಸ್‌ಟಿಎಂ ಮಾನಕ ದಪ್ಪ ಮತ್ತು ವ್ಯಾಸದ ಅನುಪಾತ 0.2ರಿಂದ 0.75ರವರೆಗೆ ಇರಲು ಬಿಡುತ್ತದೆ. ನಿಮ್ಮದು 0.67. ಅಂತರರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಘ, ಅಂದರೆ ಐಎಸ್‌ಆರ್‌ಎಂ, 1978ರಲ್ಲಿ ಕೊಟ್ಟ ವಿಧಾನ ದಪ್ಪವನ್ನು ಹೆಚ್ಚುಕಡಿಮೆ ತ್ರಿಜ್ಯದಷ್ಟು ಇಡಿ ಅನ್ನುತ್ತದೆ. ಅದನ್ನೇ ಅನುಸರಿಸಿದೆ ಎಂದು ಬರೆಯುವುದಾದರೆ ಎಂಟನೆಯದರ ದಪ್ಪ ಬೇರೆ ಎಂಬುದನ್ನೂ ಜೊತೆಗೆ ಬರೆಯಿರಿ.

ಆರನೆಯದು, 6.1. ಅಂಚು ಪುಡಿಯಾಗಿ ಓರೆಯಾಗಿ ಒಡೆಯಿತು ಎಂದಿದ್ದೀರಿ. ಅಂಚಿನಲ್ಲಿ ಸ್ವಲ್ಪ ಪುಡಿ ಬೀಳುವುದು ಎಲ್ಲ ಬಿಲ್ಲೆಯಲ್ಲೂ ಇದ್ದದ್ದೇ. ಅದು ಬಹಳ ಸಲ ಬಿಲ್ಲೆ ಸೀಳಿದ ಮೇಲೆ ಹೋಳುಗಳು ಒತ್ತಿಕೊಂಡಾಗ ಬೀಳುವ ಪುಡಿ. ಆದರೆ ಬಿರುಕು ಲೋಡಿನ ಸಾಲನ್ನು ಬಿಟ್ಟು ಓರೆ ಹೋಗಿದೆ, ಲೋಡೂ ಉಳಿದವಕ್ಕಿಂತ ತುಂಬ ಕಡಿಮೆ. ಎರಡನ್ನೂ ಸೇರಿಸಿ ನೋಡಿದರೆ ಅಂಚಿನಿಂದ ಶುರುವಾದ ಒಡೆತ ಅನಿಸುತ್ತದೆ. ಈ ಅಂಕಿಯನ್ನು ಸರಾಸರಿಯಿಂದ ತೆಗೆಯಿರಿ. ಪಟ್ಟಿಯಿಂದ ಅಳಿಸಬೇಡಿ. ‘ಅಂಚಿನಲ್ಲಿ ಒಡೆದದ್ದು, ಲೆಕ್ಕಕ್ಕೆ ಹಿಡಿದಿಲ್ಲ’ ಎಂದು ಪಕ್ಕದಲ್ಲಿ ಬರೆಯಿರಿ. ಕಡಿಮೆ ಬಂತು ಎಂಬ ಕಾರಣಕ್ಕೆ ಅಂಕಿ ತೆಗೆಯುವುದು ಒಂದು, ಒಡೆದ ರೀತಿ ತಪ್ಪು ಎಂದು ತೆಗೆಯುವುದು ಇನ್ನೊಂದು. ಮೊದಲನೆಯದು ಅಪ್ರಾಮಾಣಿಕತೆ.

ಹತ್ತನೆಯದು, 5.7. ಇದು ನನಗೆ ಹತ್ತರಲ್ಲಿ ಎಲ್ಲಕ್ಕಿಂತ ಇಷ್ಟವಾದ ಬಿಲ್ಲೆ. ಇದು ಕೆಟ್ಟ ಟೆಸ್ಟ್ ಅಲ್ಲ. ಬಿಳಿ ಗೆರೆಯ ಉದ್ದಕ್ಕೆ ಸೀಳಿದೆ ಎಂದರೆ ನೀವು ಅಳೆದದ್ದು ಆ ಗೆರೆಯನ್ನು, ಗ್ರಾನೈಟನ್ನಲ್ಲ. ಆದ್ದರಿಂದ ಗ್ರಾನೈಟಿನ ಸರಾಸರಿಗೆ ಸೇರಿಸಬಾರದು. ಗೆರೆ ಲೋಡಿನ ಸಾಲಿಗೆ ಸರಿಯಾಗಿ ಹೊಂದಿತ್ತೇ, ಸ್ವಲ್ಪ ಓರೆ ಇತ್ತೇ ಎಂಬುದರ ಮೇಲೆ ಅದರ ಅರ್ಥವೂ ಬದಲಾಗುತ್ತದೆ. ಹೊಂದಿದ್ದರೆ 5.7 ಎಂಬುದು ಗೆರೆಯ ಎಳೆತದ ಶಕ್ತಿಗೆ ಹತ್ತಿರ. ಓರೆ ಇದ್ದರೆ ಅದರಲ್ಲಿ ಜಾರುವಿಕೆಯೂ ಬೆರೆತಿದೆ.

ಉಳಿದದ್ದು ಎಂಟು: 9.6, 10.1, 8.9, 10.8, 9.2, 9.9, 10.0, 10.4. ಸರಾಸರಿ 9.9. ಕಡಿಮೆ 8.9, ಹೆಚ್ಚು 10.8. ಗ್ರಾನೈಟಿಗೆ ಇದು ಅಚ್ಚುಕಟ್ಟಾದ ಫಲಿತಾಂಶ. ನಿಮ್ಮ 9.4ಕ್ಕೂ ಇದಕ್ಕೂ ಹೆಚ್ಚು ದೂರ ಇಲ್ಲ, ನಿಜ. ಆದರೆ 9.4 ಸರಿ ಜಾಗದ ಹತ್ತಿರ ಬಂದದ್ದು ಅದೃಷ್ಟದಿಂದ. ಸೇರಬಾರದ ಎರಡು ಅಂಕಿ ಅದನ್ನು ಕೆಳಕ್ಕೆ ಎಳೆದವು, ದಪ್ಪದ ಒಂದು ತಪ್ಪು ಮೇಲಕ್ಕೆತ್ತಿತು. ಹರವನ್ನು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮೊದಲು 5.7ರಿಂದ 13.4, ಈಗ 8.9ರಿಂದ 10.8. ಮಾನಕಗಳು ಹತ್ತು ಬಿಲ್ಲೆ ಕೇಳುತ್ತವೆ. ಕೋರ್ ಉಳಿದಿದ್ದರೆ ಇನ್ನೆರಡು ಕತ್ತರಿಸಿ ಒಡೆಯಿರಿ.

ಒಡೆಯುವ ಮೊದಲು ಕೆಲವು ಸಂಗತಿ ನೋಡಿಕೊಳ್ಳಿ. ದವಡೆಯ ಬಾಗು ಬಿಲ್ಲೆಯ ತ್ರಿಜ್ಯದ ಒಂದೂವರೆ ಪಟ್ಟು ಇರಬೇಕು, ನಿಮಗೆ 40.5 ಮಿ.ಮೀ. ಬೇರೆ ಅಳತೆಯ ಕೋರ್‌ಗೆ ಮಾಡಿಸಿದ ದವಡೆ ಸಿಕ್ಕಿಸಿಬಿಟ್ಟಿದ್ದರೆ ಆರನೆಯದರ ಗತಿಗೆ ಅದೇ ಕಾರಣ ಇರಬಹುದು. ಬಿಲ್ಲೆಯ ದುಂಡು ಮೈಯನ್ನು ಬೆರಳಿನಿಂದ ಸವರಿ. ಅಲ್ಲಿನ ಏರುತಗ್ಗು 0.025 ಮಿ.ಮೀ. ಮೀರಬಾರದು ಅನ್ನುತ್ತದೆ ಐಎಸ್‌ಆರ್‌ಎಂ. ಕೋರ್ ಕೊರೆಯುವಾಗ ಬಿಟ್ ನಡುಗಿದರೆ ಮೈಮೇಲೆ ಸುರುಳಿ ಗೆರೆ ಬೀಳುತ್ತದಲ್ಲ, ಅದೇ ಈ ಮಿತಿಯನ್ನು ದಾಟಿಸಿಬಿಡುತ್ತದೆ. ಸುತ್ತ ಎರಡು ಪದರ ಮಾಸ್ಕಿಂಗ್ ಟೇಪ್ ಸುತ್ತಿ. ಅದು ಅಂಚಿನ ಒತ್ತಡವನ್ನು ಸ್ವಲ್ಪ ಹರಡುತ್ತದೆ, ಒಡೆದ ಹೋಳುಗಳು ಚದುರದಂತೆಯೂ ಹಿಡಿದಿಡುತ್ತದೆ. ಎರಡನೆಯ ಉಪಕಾರವೇ ನನಗೆ ಹೆಚ್ಚು ಮುಖ್ಯ. ಲೋಡ್ ಸೆಕೆಂಡಿಗೆ 200 ನ್ಯೂಟನ್‌ನಂತೆ ಏರಿಸಿದರೆ ನಿಮ್ಮ ಬಿಲ್ಲೆ ಒಡೆಯಲು ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಅವಸರ ಮಾಡಬೇಡಿ, ಬೇಗ ಒತ್ತಿದಷ್ಟೂ ಅಂಕಿ ಹೆಚ್ಚು ಬರುತ್ತದೆ. ಲೋಡ್ ಏರುತ್ತಾ ಏರುತ್ತಾ ಒಂದು ಕ್ಷಣ ತಡೆದು ಮತ್ತೆ ಏರಿದರೆ, ಬರೆದುಕೊಳ್ಳಬೇಕಾದದ್ದು ಆ ತಡೆದ ಜಾಗವನ್ನು. ನಡುವಿನ ಸೀಳು ಬಿದ್ದದ್ದು ಆಗ. ಆಮೇಲಿನದು ಎರಡು ಹೋಳುಗಳು ಸೇರಿ ಹೊತ್ತ ಭಾರ. ಎರಡಕ್ಕೂ ಸುಮಾರು 5 ಶೇಕಡಾ ವ್ಯತ್ಯಾಸ ಇರಬಹುದು.

ಬಿಲ್ಲೆ ಒಣಗಿತ್ತೇ, ಒದ್ದೆಯಿತ್ತೇ ಎಂಬುದನ್ನೂ ಬರೆಯಿರಿ. ಒದ್ದೆ ಕಲ್ಲು ಸಾಮಾನ್ಯವಾಗಿ ಕಡಿಮೆ ಕೊಡುತ್ತದೆ. ಮರಳುಗಲ್ಲು, ಜೇಡಿಗಲ್ಲಿನಲ್ಲಿ ಈ ವ್ಯತ್ಯಾಸ ಗ್ರಾನೈಟಿಗಿಂತ ಜಾಸ್ತಿ. ಹರಳಿನ ಗಾತ್ರವನ್ನೂ ನೋಡಿ. ವ್ಯಾಸ ಅತಿ ದೊಡ್ಡ ಹರಳಿನ ಹತ್ತು ಪಟ್ಟಾದರೂ ಇರಲಿ. ನಿಮ್ಮ ಗ್ರಾನೈಟಿನಲ್ಲಿ 5 ಮಿ.ಮೀ.ಗಿಂತ ದೊಡ್ಡ ಫೆಲ್ಡ್‌ಸ್ಪಾರ್ ಇದ್ದರೆ 54 ಮಿ.ಮೀ. ಬಿಲ್ಲೆ ಸಾಲದು. ಕಾಗೆಬಂಗಾರ ಒಂದೇ ದಿಕ್ಕಿಗೆ ಮಲಗಿರುವ ಕಲ್ಲಾದರೆ ಬಿಲ್ಲೆಯ ಮೇಲೆ ಆ ದಿಕ್ಕಿಗೆ ಪೆನ್ಸಿಲ್ ಗೆರೆ ಎಳೆದು, ಲೋಡಿನ ಸಾಲಿಗೆ ಅದು ಎಷ್ಟು ಡಿಗ್ರಿ ಇತ್ತು ಎಂದು ಬರೆದುಕೊಳ್ಳಬೇಕು. ಪದರ ಪದರವಾದ ಕಲ್ಲಿಗೆ ಒಂದೇ ಎಳೆತದ ಅಂಕಿ ಎಂಬುದೇ ಇಲ್ಲ.

ಈಗ 0.8ರ ವಿಚಾರ. ನಿಮ್ಮ ಸೀನಿಯರ್ ಗಾಳಿಯಲ್ಲಿ ಹೇಳಿದ್ದಲ್ಲ. ಪೆರಾಸ್ ಮತ್ತು ಡೀಡರಿಕ್ಸ್ ಎಂಬ ಸಂಶೋಧಕರು 2014ರಲ್ಲಿ, ಅದುವರೆಗೆ ಪ್ರಕಟವಾಗಿದ್ದ ಹಲವು ಫಲಿತಾಂಶಗಳನ್ನು ಒಟ್ಟುಹಾಕಿ, ನೇರವಾಗಿ ಎಳೆದ ಅಂಕಿ ಬ್ರೆಜಿಲಿಯನ್ ಅಂಕಿಗಿಂತ ಸಾಮಾನ್ಯವಾಗಿ ಕಡಿಮೆ ಎಂದು ತೋರಿಸಿದರು. ರೂಪಾಂತರ ಶಿಲೆಗೆ ಸುಮಾರು 0.9 ಪಟ್ಟು, ಅಗ್ನಿಶಿಲೆಗೆ 0.8, ಪದರಶಿಲೆಗೆ 0.7. ಇದಕ್ಕೆ ಕಾರಣಗಳಿವೆ. ನೇರ ಎಳೆತದಲ್ಲಿ ಕಂಬಿಯ ಉದ್ದಕ್ಕೂ ಎಲ್ಲಿ ದೌರ್ಬಲ್ಯ ಇದ್ದರೂ ಅಲ್ಲಿ ತುಂಡಾಗುತ್ತದೆ. ಬಿಲ್ಲೆಯಲ್ಲಿ ಬಿರುಕಿಗೆ ದಾರಿ ನಾವೇ ಗೊತ್ತುಮಾಡಿ ಕೊಟ್ಟಿದ್ದೇವೆ. ಜೊತೆಗೆ ಕಲ್ಲು ಎಳೆದಾಗ ಒತ್ತಿದಾಗಿನಷ್ಟು ಗಡುಸಾಗಿರುವುದಿಲ್ಲ. ಸೂತ್ರ ಎರಡೂ ಒಂದೇ ಅಂದುಕೊಂಡಿದೆ.

ಆದರೂ ವರದಿಯಲ್ಲಿ ಗುಣಿಸಿದ ಅಂಕಿಯನ್ನು ಅಳತೆ ಎಂದು ಬರೆಯಬೇಡಿ. ನೀವು ಅಳೆದದ್ದು 9.9, ಅದು ‘ಬ್ರೆಜಿಲಿಯನ್ ಎಳೆತದ ಶಕ್ತಿ’. ಅದನ್ನು ಹಾಗೇ ಬರೆಯಿರಿ. ಮುಂದೆ ಯಾರಾದರೂ ವಿನ್ಯಾಸಕ್ಕೆ ಬಳಸುವಾಗ 0.8ರಿಂದ ಗುಣಿಸಿ 7.9 ಎಂದು ಹಿಡಿಯಬಹುದು, ಕಾರಣ ಹೇಳಿ ಹಿಡಿಯಲಿ. 0.8 ಎಂಬುದು ಹಲವು ಕಲ್ಲುಗಳ ಸರಾಸರಿ, ನಿಮ್ಮ ಗ್ರಾನೈಟಿನ ಜಾತಕವಲ್ಲ. ಒಮ್ಮೆ ಗುಣಿಸಿ ಬರೆದುಬಿಟ್ಟರೆ, ಮುಂದೆ ಓದುವವರು ಅದು ಗೊತ್ತಿಲ್ಲದೆ ಮತ್ತೊಮ್ಮೆ ಗುಣಿಸುತ್ತಾರೆ. ಇದು ನಾನು ನೋಡಿರುವ ಎಡವಟ್ಟು.

ಬೇರೆ ದಾರಿಗಳೂ ಇವೆ, ಒಂದೆರಡು ಮಾತು ಸಾಕು. ಕಲ್ಲಿನ ತೊಲೆಯನ್ನು ಬಗ್ಗಿಸಿ ಅಳೆದರೆ ಅಂಕಿ ಸಾಮಾನ್ಯವಾಗಿ ಬ್ರೆಜಿಲಿಯನ್‌ಗಿಂತ ಹೆಚ್ಚು ಬರುತ್ತದೆ. ಯಾಕೆಂದರೆ ಪೂರ್ತಿ ಎಳೆತ ಬೀಳುವುದು ಕೆಳಮೈಯ ತೆಳು ಪದರಕ್ಕೆ ಮಾತ್ರ. ಪಾಯಿಂಟ್ ಲೋಡ್ ಟೆಸ್ಟ್, ಅಂದರೆ ಕಲ್ಲಿನ ತುಂಡನ್ನು ಎರಡು ಮೊನೆಗಳ ನಡುವೆ ಒತ್ತಿ ಒಡೆಯುವುದು, ಬಯಲಲ್ಲೇ ಮಾಡುವಂಥದ್ದು. ಕೋರ್ ಕತ್ತರಿಸುವ ಕಷ್ಟ ಇಲ್ಲ. 50 ಮಿ.ಮೀ. ವ್ಯಾಸಕ್ಕೆ ಸರಿಹೊಂದಿಸಿದ ಅದರ ಸೂಚ್ಯಂಕ ಸುಮಾರಾಗಿ ಎಳೆತದ ಶಕ್ತಿಯ 0.8 ಭಾಗ ಎಂದು ಐಎಸ್‌ಆರ್‌ಎಂ 1985ರಲ್ಲಿ ಹೇಳಿತ್ತು. ಈ 0.8ಕ್ಕೂ ಮೇಲಿನ 0.8ಕ್ಕೂ ಸಂಬಂಧ ಇಲ್ಲ, ದಯವಿಟ್ಟು ಬೆರೆಸಬೇಡಿ. ನಿಮ್ಮ ಉಳಿದ ಕೋರ್ ತುಂಡುಗಳಲ್ಲಿ ಅದನ್ನೂ ಮಾಡಿ ನೋಡಿ. ಸೂಚ್ಯಂಕ 8ರ ಆಸುಪಾಸು ಬಂದರೆ ನಿಮ್ಮ 9.9ಕ್ಕೆ ಒಂದು ಸಾಕ್ಷಿ ಸಿಕ್ಕ ಹಾಗೆ.

ಇನ್ನೊಂದು ಮಾತು. ಈ 9.9 ಕೈಯಲ್ಲಿ ಹಿಡಿಯುವ ಬಿಲ್ಲೆಯ ಅಂಕಿ. ಬಂಡೆಯ ತುಂಬ ಸೀಳುಗಳಿರುತ್ತವೆ. ಎಳೆತಕ್ಕೆ ಅಡ್ಡವಾಗಿ ಸೀಳು ಇರುವ ಕಡೆ ಎಳೆತದ ಶಕ್ತಿ ಸೊನ್ನೆಗೆ ಹತ್ತಿರ. ಅದಕ್ಕೇ ಹತ್ತನೇ ಬಿಲ್ಲೆಯ ಹೋಳುಗಳನ್ನು ಎಸೆಯಬೇಡಿ ಅನ್ನುವುದು. ಸೀಳಿದ ಮುಖದ ಮೇಲೆ ಬಿಳಿ ಪುಡಿಯಂಥದ್ದು ಉಳಿದಿರುತ್ತದೆ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಅದರ ಮೇಲೆ ಬಿಡಿ. ನೊರೆ ಬಂದರೆ ಕ್ಯಾಲ್ಸೈಟ್, ಬರದಿದ್ದರೆ ಬೇರೆ ಖನಿಜ. ಆಮೇಲೆ ಕೋರ್ ಪೆಟ್ಟಿಗೆಗೆ ಹಿಂದಿರುಗಿ ಅಂಥ ಗೆರೆ ಮೀಟರಿಗೆ ಎಷ್ಟು ಇವೆ ಎಂದು ಎಣಿಸಿ. ಎರಡು ಮೂರು ಬಿಲ್ಲೆಗಳಲ್ಲಿ ಗೆರೆಯನ್ನು ಬೇಕೆಂದೇ ಲೋಡಿನ ಸಾಲಿಗೆ ಹೊಂದಿಸಿ ಒಡೆಯಿರಿ. ಆ ಅಂಕಿಗಳಿಗೆ ಬೇರೆ ಪಟ್ಟಿ ಮಾಡಿ.